ಎರಡು ದಿನ ಬಾಯಿ ಬಿಡಲಿಲ್ಲ

ಅಜ್ಜಂಪುರದ ಹೈಸ್ಕೂಲೊಂದರಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ಪಾಸ್‌ವರ್ಡ್ ಯಾರಿಗೂ ಕೊಡಬಾರದು ಎಂದು ಮಕ್ಕಳಿಂದ ನೂರು ಸಲ ಹೇಳಿಸಿದವನು.

ಸಿಂಗಟಗೆರೆಯ ನನ್ನ ದೊಡ್ಡಮ್ಮ ಸೋಬಾನೆ ಪದ ಹಾಡುತ್ತಿದ್ದಳು. ಅವಳು ತೀರಿಕೊಳ್ಳುವ ಹಿಂದಿನ ವರ್ಷ ಜಗಲಿಯ ಮೇಲೆ ಕೂರಿಸಿಕೊಂಡು ನಲವತ್ತು ಪದ ರೆಕಾರ್ಡ್ ಮಾಡಿದ್ದೆ. ನಡುನಡುವೆ ಅವಳ ಕೆಮ್ಮು, ನಗು, 'ಸಾಕು ಬಿಡೋ, ಗಂಟ್ಲು ಒಣಗೋಯ್ತು' ಎನ್ನುವ ಗೊಣಗಾಟ. ಎಲ್ಲವೂ ನನ್ನ ಇಮೇಲ್ ಖಾತೆಯಲ್ಲಿದ್ದವು. ಇನ್ನೊಂದು ಪ್ರತಿ ಇದ್ದದ್ದು ಅವಳ ಮಗಳ ಖಾತೆಯಲ್ಲಿ ಮಾತ್ರ. ಆ ತಂಗಿಯನ್ನು ದೇವನೂರಿಗೆ ಕೊಟ್ಟಿದೆ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಒಂದು ಮೇಲ್ ಬಂತು. ಇಮೇಲ್ ಕಂಪನಿಯದೇ ಹೆಸರು, ಅದೇ ಗುರುತು. ಖಾತೆಯಲ್ಲಿ ಜಾಗ ತುಂಬಿದೆ, ಸಂಜೆಯೊಳಗೆ ಕೆಳಗಿನ ಲಿಂಕ್ ಒತ್ತಿ ದೃಢಪಡಿಸದಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದಿತ್ತು. ಜಾಗ ತುಂಬುತ್ತಾ ಬಂದದ್ದು ನಿಜವೇ. ಪಕ್ಕದಲ್ಲಿದ್ದ ಇಂಗ್ಲಿಷ್ ಟೀಚರ್ ಬಗ್ಗಿ ನೋಡಿದರು.

'ಸಾರ್, ಹೆಸ್ರು ಕಂಪ್ನೀದು, ಕಳ್ಸಿರೋ ವಿಳಾಸ ಇನ್ಯಾರ್ದೋ ಐತಲ್ಲ? ಆ ಲಿಂಕ್ ಒತ್ಬೇಡಿ. ನೀವೇ ಖಾತೆ ತೆಗ್ದು ನೋಡಿ.'

'ನಂಗೊತ್ತು ಬಿಡ್ರೀ ಮೇಡಂ' ಅಂದೆ. ಒತ್ತಿದೆ. ಪಾಸ್‌ವರ್ಡ್ ಹಾಕಿದೆ.

ಮರುದಿನ ಬೆಳಿಗ್ಗೆ ಖಾತೆ ತೆರೆಯಲಿಲ್ಲ. ಯಾರೋ ಪಾಸ್‌ವರ್ಡ್ ಬದಲಿಸಿ, ನನ್ನ ಫೋನ್ ನಂಬರನ್ನೂ ತೆಗೆದುಹಾಕಿದ್ದರು. ಯಾರಿಗೂ ಹೇಳಲಿಲ್ಲ. ಕಂಪ್ಯೂಟರ್ ಮೇಷ್ಟ್ರೇ ಮೋಸ ಹೋದನಂತೆ ಅಂತ ಊರೆಲ್ಲ ನಗುವುದನ್ನು ನೆನೆದೇ ಮುಖ ಬಿಸಿಯಾಗುತ್ತಿತ್ತು. ಗುಟ್ಟಾಗಿ ಕಂಪನಿಗೆ ಬರೆಯುತ್ತಾ ಎರಡು ದಿನ ಕಳೆದೆ.

ಮೂರನೆಯ ದಿನ ತಂಗಿಯ ಫೋನು.

'ಅಣ್ಣಾ, ಖಾತೆ ಸರಿಮಾಡ್ಕೋ ಅಂತ ನಿನ್ನೆ ಮೇಲ್ ಕಳ್ಸಿದ್ಯಲ್ಲ, ಅದನ್ನ ಒತ್ತಿ ಪಾಸ್‌ವರ್ಡ್ ಹಾಕಿದ್ಮೇಲೆ ನಂದು ತೆಗೀತಾನೇ ಇಲ್ಲ ಕಣೋ. ನೀನು ಕಳ್ಸಿದ್ದು ಅಂತ ವಿಳಾಸ ಗಿಳಾಸ ಏನೂ ನೋಡ್ಲಿಲ್ಲ.'

ನೋಡಿದ್ದರೂ ಅದು ನನ್ನದೇ ವಿಳಾಸವಾಗಿರುತ್ತಿತ್ತು; ನನ್ನ ಖಾತೆ ಕದ್ದವರು ಅದರಿಂದಲೇ ಅವಳಿಗೆ ಕಳಿಸಿದ್ದರು.

ನಡೆದದ್ದನ್ನೆಲ್ಲ ಹೇಳಿದೆ. 'ಮೊನ್ನೆನೇ ಒಂದ್ ಮಾತು ಹೇಳ್ಬಾರ್ದಾಗಿತ್ತಾ?' ಅಷ್ಟೇ ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಖಾತೆಗಳೆರಡೂ ಮರಳಿ ಬರಲಿಲ್ಲ. ಭಾನುವಾರ ದೇವನೂರಿಗೆ ಹೋಗಿ, ಇಬ್ಬರೂ ಕೂತು ನೆನಪಿದ್ದ ಪದಗಳನ್ನು ನೋಟ್‌ಬುಕ್ಕಿಗೆ ಇಳಿಸಿದೆವು. ಹನ್ನೊಂದು ಸಿಕ್ಕವು, ಅವುಗಳಲ್ಲೂ ಕೆಲವು ಅರ್ಧಕ್ಕೇ ನಿಂತವು. ಧಾಟಿ ಅವಳಿಗೆ ಗೊತ್ತಿತ್ತು. ಹಾಡು ಅಂದದ್ದಕ್ಕೆ ಆಗಲ್ಲ ಅಂತ ತಲೆಯಾಡಿಸಿ ಒಳಗೆ ಹೋದಳು.

ಸೋಮವಾರ ತರಗತಿಯಲ್ಲಿ ಏನನ್ನೂ ಮುಚ್ಚಿಡದೆ ಹೇಳಿದೆ. ಮೋಸ ಯಾರಿಗಾದರೂ ಆಗುತ್ತದೆ, ಗೊತ್ತಾದ ಗಳಿಗೆಯಲ್ಲೇ ನಿಮ್ಮವರಿಗೆಲ್ಲ ತಿಳಿಸಿಬಿಡಿ ಎಂದೆ.

ಒಬ್ಬ ಹುಡುಗಿ ಎದ್ದು ನಿಂತಳು. 'ಮತ್ತೆ ನೀವ್ಯಾಕೆ ಹೇಳ್ಲಿಲ್ಲ ಸಾರ್?'

'ನಾಚ್ಕೆ ಆಯ್ತು ಕಣಮ್ಮ' ಅಂದೆ. ಯಾರೂ ನಗಲಿಲ್ಲ.