ರಾಮದುರ್ಗದ ನೀರಿನ ತಪ್ಪಲ್ಲ

ಗಿರಿಜಾ, ನಿನ್ನ ಮುಖ ಉರಿದದ್ದು ರಾಮದುರ್ಗದ ನೀರಿನಿಂದಲ್ಲ. ನನ್ನಿಂದ — ನಾನು ಕೊಟ್ಟ ಲೇಪದಿಂದ. ಅದರಲ್ಲಿ ಬರೀ ಲೋಳಸರ, ಅರಿಷಿಣ ಇರಲಿಲ್ಲ. ನಿನ್ನ ದೊಡ್ಡಪ್ಪ ಹುಳಕಡ್ಡಿಗೆ ಹಚ್ಚುತ್ತಿದ್ದ ಮುಲಾಮು ಬೆರೆಸುತ್ತಿದ್ದೆ.

ನಿನ್ನ ಅವ್ವ, ನನ್ನ ತಂಗಿ, ತೀರಿದ ಮೇಲೆ ನೀನು ಮುರಗೋಡದ ನಮ್ಮ ಮನೆಗೆ ಬಂದೆ, ಮೊಡವೆ ತುಂಬಿದ ಮುಖ ಹೊತ್ತು. ಅಂಗಡಿಯ ಯಾವ ಕ್ರೀಮು ಹಚ್ಚಿದರೂ ಗಂಧೆ ಎದ್ದು ಕಣ್ಣು ಊದುತ್ತಿತ್ತು. ದುಬಾರಿ ಔಷಧಿ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬೈಲಹೊಂಗಲದ ಡಾಕ್ಟರು, "ಬರೇ ನೀರಾಗ ಮಾರಿ ತೊಳಕೊ, ಏನೂ ತಿಕ್ಕಬ್ಯಾಡ, ನಿಧಾನಕ್ಕ ಕಡಿಮಿ ಆಗತೈತಿ" ಅಂದಿದ್ದರು. ಅದಕ್ಕೆ ದುಡ್ಡೇನೂ ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು. ನನಗೆ ಅದಿರಲಿಲ್ಲ — ಮುಂದಿನ ವಾರ ನಿನ್ನನ್ನು ನೋಡಲು ಬರುವವರಿದ್ದರು.

ವಾರದೊಳಗೆ ಮುಖ ತಿಳಿಯಾಯಿತು. ಓಣಿಯ ಹೆಂಗಸರು ನಿನ್ನ ಗಲ್ಲ ಹಿಡಿದು ನೋಡಿದರು. "ಎಂಥಾ ಕೈಗುಣ ಐತ್ರಿ ನಿಮ್ದು!" ಅಯ್ಯೋ, ಆ ಮಾತು ನನಗೆಷ್ಟು ಹಿಡಿಸಿತು! ಮುಲಾಮಿನ ಟ್ಯೂಬನ್ನು ಅಕ್ಕಿಡಬ್ಬಿಯ ಹಿಂದೆ ಬಚ್ಚಿಟ್ಟೆ.

ನೀನು ಮದುವೆಯಾಗಿ ರಾಮದುರ್ಗಕ್ಕೆ ಹೋದೆ. ಲೇಪ ಮುಗಿಯಿತು, ಮುಖ ಬೆಂದಂತೆ ಕೆಂಪಾಯಿತು. "ನಮ್ಮೂರ ನೀರು ಈಕಿಗೆ ಒಗ್ಗವಲ್ದು" ಎಂದಳು ನಿನ್ನ ಅತ್ತೆ. ನಿನ್ನ ಗಂಡ, ಪಾಪ, ನೀನು ಮುಖ ತೊಳೆಯಲೆಂದು ಮುರಗೋಡದ ನೀರು ಒಯ್ಯಲು ಕ್ಯಾನು ಹಿಡಿದು ಬಂದ. ಆ ಕ್ಯಾನು ತುಂಬಿಕೊಟ್ಟವಳು ನಾನೇ. ಜೊತೆಗೆ ಲೇಪದ ಹೊಸ ಡಬ್ಬಿಯನ್ನೂ ಇಟ್ಟೆ. ಉರಿ ಇಳಿಯಿತು, ಎಲ್ಲರೂ ನೀರನ್ನೇ ನಂಬಿದರು.

ತಿಳಿಯದೆ ಮಾಡಿದೆ ಅನ್ನಲೂ ಬಾಯಿಲ್ಲ. ನಿನ್ನ ದೊಡ್ಡಪ್ಪನ ತೊಡೆಯ ಹುಳಕಡ್ಡಿ ನೋಡಿದ ಡಾಕ್ಟರು ಆ ಟ್ಯೂಬನ್ನು ಕಂಡು ಸಿಟ್ಟಾಗಿದ್ದರು. "ಇದನ್ನ ಮಾರಿಗೆ ಯಾರೂ ಹಚ್ಚಾಂಗಿಲ್ಲ ಹೌದಲ್ರಿ? ಚರ್ಮ ತೆಳ್ಳಗ ಆಗತೈತಿ. ಒಮ್ಮಿ ರೂಢಿ ಆದ್ರ ಬಿಟ್ಟ ಕೂಡ್ಲೆ ಉರಿತೈತಿ." ನಾನು ತಲೆ ಆಡಿಸಿದೆ — ಯಾರೂ ಹಚ್ಚುವುದಿಲ್ಲ ಎಂದು. ಆಮೇಲೂ ಡಬ್ಬಿ ಕಳಿಸಿದೆ. ನಿಲ್ಲಿಸಿದರೆ ನಿನ್ನ ಮುಖ ಉರಿಯುತ್ತಿತ್ತು, ನನ್ನ ಗುಟ್ಟೂ ಹೊರಬೀಳುತ್ತಿತ್ತು. ಇವೆರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆನೋ — ಕೇಳಬೇಡ.

ನಿನ್ನೆ ಫೋನಿನಲ್ಲಿ ನೀನು ನಗುತ್ತಿದ್ದೆ. "ದೊಡ್ಡವ್ವ, ಕೂಸಿಗೂ ನನ್ನಂಥದ ಚರ್ಮ ಬೇ. ಗಲ್ಲದ ತುಂಬ ಗುಳ್ಳಿ ಎದ್ದಿದ್ದುವು. ನಿನ್ನ ಲೇಪ ಹಚ್ಚಾಕ ಹತ್ತೇನಿ — ಎಷ್ಟ ಚಂದ ಆಗೈತಿ ಮಾರಿ! ಇನ್ನೊಂದ ಡಬ್ಬಿ ಕಳಸ ಬೇ."

ಆಗಲೇ ಕಿರುಚಬೇಕಿತ್ತು. "ಆತವಾ, ನಾನ ತಗೊಂಡ ಬರತೇನಿ" ಎಂದೆ. ಹಾಗೆಂದ ಬಾಯಿ ಇದೇ.

ಇವತ್ತು ಬೆಳಿಗ್ಗೆ ಮತ್ತೆ ಫೋನು ಮಾಡಿ, "ಇನ್ನ ಹಚ್ಚಬ್ಯಾಡ, ಕೂಸಿನ್ನ ಡಾಕ್ಟರಗೆ ತೋರಸೂಣು" ಅಂದೆ. "ಯಾಕ ಬೇ, ಏನಾತು?" ಎಂದೆ ನೀನು. ನಾನು ಫೋನು ಇಟ್ಟೆ. ಈಗ ಬಸ್ಸಿನಲ್ಲಿ ಕುಳಿತು ಈ ಮಾತುಗಳನ್ನು ಜೋಡಿಸುತ್ತಿದ್ದೇನೆ. ಚೀಲದಲ್ಲಿ ಡಬ್ಬಿ ಇಲ್ಲ, ಟ್ಯೂಬು ಇದೆ. ಬಾಗಿಲಲ್ಲೇ ನೀನು ಎಂದಿನಂತೆ ಕೂಸನ್ನು ನನ್ನ ಕೈಗೆ ಕೊಡಲು ಬರುತ್ತೀಯ. ಕೊಡಬೇಡ, ಗಿರಿಜಾ — ಮೊದಲು ನನ್ನ ಕೈಯಲ್ಲಿರುವುದನ್ನು ನೋಡು.