ಬಣ್ಣ ಹಚ್ಚಿದ ಸಾಹುಕಾರ

ದಾವಣಗೆರೆಯ ಗೋಡೆಗಳ ಮೇಲೆ ನಾನು ಇದ್ದಿಲಿನಲ್ಲಿ ಗಿರಣಿ ಸಾಹುಕಾರನನ್ನು ಬರೆದಾಗಲೆಲ್ಲ ಜನ ಬಿದ್ದು ಬಿದ್ದು ನಗುತ್ತಿದ್ದರು. ಅದೇ ಸೊಕ್ಕಿನಲ್ಲಿ ಹರಿಹರದ ಮುಷ್ಕರದ ಮೆರವಣಿಗೆಗೆಂದು ಮೊದಲ ಸಲ ಬಣ್ಣಕ್ಕೆ ಕೈ ಹಾಕಿದೆ. ನೋಡಿದವರ ರಕ್ತ ಕುದಿಯಬೇಕು ಎಂದು ದೊಡ್ಡ ಬಟ್ಟೆಯ ಮೇಲೆ ಸಾಹುಕಾರನಿಗೆ ಕೆಂಡದಂಥ ಕಣ್ಣು, ಕೋರೆಹಲ್ಲು, ಗಿರಿಜಾ ಮೀಸೆ ಬರೆದು ಮೈಗೆಲ್ಲ ನೀಲಿ ಬಳಿದೆ.

ಮೆರವಣಿಗೆಯಲ್ಲಿ ಆ ಚಿತ್ರದ ಬಟ್ಟೆ ಬಿಡಿಸಿ ಹಿಡಿದದ್ದೇ ತಡ, ಗಿರಣಿಯಲ್ಲಿ ನೂಲು ಸುತ್ತುವ ಗಂಗಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು.

"ಯವ್ವಾ, ಅದು ಸಾಹುಕಾರ!" ಎಂದು ಕಿರುಚಿದೆ.

"ಸುಮ್ನಿರಪ್ಪ, ಸಾಕ್ಷಾತ್ ವೀರಭದ್ರ ದೇವ್ರು ಬಂದಂಗೈತೆ. ಆ ಮುಖೇಡಿಗೆ ಇಷ್ಟು ಕಳೆ ಎಲ್ಲೈತೆ?"

ಧಿಕ್ಕಾರ ಕೂಗಬೇಕಾದವರು ಸಾಲಾಗಿ ನಿಂತು ಕಾಯಿ ಒಡೆದರು. ದೇವರೇ ಇಲ್ಲವೆಂದು ಊರೂರಲ್ಲಿ ಭಾಷಣ ಬಿಗಿಯುತ್ತಿದ್ದ ನಾನು ಸಿಟ್ಟಿನಿಂದ ಹಲ್ಲು ಕಡಿಯುತ್ತಲೇ ಪ್ರಸಾದದ ಕಾಯಿಚೂರನ್ನೂ ಕಡಿದೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.