ಐವತ್ತೆರಡರಲ್ಲಿ ನಿಂತವನು

ಬೇಸ್‌ಬಾಲ್ ಆಟವನ್ನು ನಾನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಆದರೂ ನನ್ನ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಸೈಬರ್ ಸೆಂಟರಿನಲ್ಲಿ ಕೂತು, ಇಪ್ಪತ್ತೈದು ಜನರ ಒಂದು ಬೇಸ್‌ಬಾಲ್ ತಂಡವನ್ನು ಸಾಕುತ್ತಿದ್ದೆ. ಕ್ರಿಕೆಟ್ ತಂಡ ನಡೆಸುವ ಆಟ ಹುಡುಕಲು ಹೋದವನು ಪರದೆಯ ಮೇಲೆ ಬ್ಯಾಟು ಕಂಡಿದ್ದೇ ತಡ ಹೆಸರು ಕೊಟ್ಟುಬಿಟ್ಟಿದ್ದೆ. ಆಡುವುದೆಲ್ಲ ಕಂಪ್ಯೂಟರೇ. ನಮ್ಮ ಕೆಲಸ ಯಾರಿಗೆ ಯಾವ ತಾಲೀಮು ಎಂದು ಗುರುತು ಹಾಕುವುದು, ಮರುದಿನ ಬಂದು ಅಂಕ ಏರಿದೆಯೇ ಎಂದು ನೋಡುವುದು. ಹೊಡೆತಕ್ಕೊಂದು ಅಂಕ, ಓಟಕ್ಕೊಂದು, ಹಿಡಿತಕ್ಕೊಂದು, ಎಸೆತಕ್ಕೊಂದು. ಎಲ್ಲ ಕೂಡಿಸಿ ನೂರಕ್ಕೆ ಇಷ್ಟು ಎಂದು ಆಟಗಾರನ ಮಟ್ಟ. ಎಳೆಯರ ಅಂಕ ಬೇಗ ಏರುತ್ತದೆ, ಮೂವತ್ತರ ಹೊತ್ತಿಗೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಡಿಕ್ಷನರಿ ಇಟ್ಟುಕೊಂಡು ನಿಯಮ ಓದಿದ ನನಗೆ ಅರ್ಥವಾದದ್ದು ಇಷ್ಟೇ.

ನನ್ನ ತಂಡದಲ್ಲಿ ಒಬ್ಬನಿಗೆ ನನ್ನಷ್ಟೇ ವಯಸ್ಸು. ಮೈದಾನದ ನಾಲ್ಕು ಮೂಲೆಗಳಲ್ಲಿ ಮೂರನೆಯದನ್ನು ಕಾಯುವವನು. ಅವನ ಮಟ್ಟ ಐವತ್ತೆರಡು. ನಾನು ತಂಡ ತೆಗೆದುಕೊಂಡ ದಿನವೂ ಐವತ್ತೆರಡು, ನಾಲ್ಕು ತಿಂಗಳಾದ ಮೇಲೂ ಐವತ್ತೆರಡು. ನಾನೂ ಹಾಗೇ ಇದ್ದೆ. ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದು, ಎರಡು ಸಲವೂ ಹೆಸರು ಬರದೆ, ಅಪ್ಪಾಜಿಯ ಹಿಂಡಿ ಬೂಸಾ ಅಂಗಡಿಯಲ್ಲಿ ಮೂಟೆಗಳ ನಡುವೆ ಕೂತಿದ್ದೆ. ಇವನು ಏನಾಗುತ್ತಾನೆ ಎಂದು ಅಪ್ಪಾಜಿ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವರ ಮನಸ್ಸಿನಲ್ಲಿ ನನಗೆ ಎಷ್ಟು ಅಂಕ ಎಂಬುದೊಂದೇ ನನಗೆ ಆಗ ಬೇಕಿತ್ತು.

ಹಾಗಾಗಿ ಆ ಮೂರನೆಯ ಮೂಲೆಯವನನ್ನು ಏರಿಸಲೇಬೇಕೆಂಬ ಹಟ ಹಿಡಿಯಿತು. ಹೊಡೆತದ ತಾಲೀಮು ಕೊಟ್ಟೆ, ಏರಲಿಲ್ಲ. ಓಡಿಸಿದೆ, ಏರಲಿಲ್ಲ. ಅದೇ ವಯಸ್ಸಿನ ಬೇರೆ ತಂಡದವರು ಅರವತ್ತು ದಾಟುತ್ತಿದ್ದರು. ತಲೆ ಕೆಟ್ಟು ಮೊಸರಾಯಿತು. ಕೊನೆಗೆ ಎದುರು ತಂಡ ನಡೆಸುತ್ತಿದ್ದ ಪರದೇಶದವನೊಬ್ಬ ನನಗೊಂದು ಸಂದೇಶ ಬರೆದ: ನೀವು ಪ್ರತಿ ಭಾನುವಾರ ತಾಲೀಮು ನಿಲ್ಲಿಸುತ್ತೀರಲ್ಲ, ಚರ್ಚಿಗೆ ಹೋಗುವವರೇ?

ನಾನು ನಿಲ್ಲಿಸುತ್ತಿದ್ದದ್ದು ಭಾನುವಾರವಲ್ಲ, ಸೋಮವಾರ. ನಮ್ಮ ಮನೆತನದಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ದುಡಿಯುವ ಜೀವಕ್ಕೆ ವಾರಕ್ಕೊಂದು ದಿನ ಬಿಡುವು ಕೊಡಬೇಕು ಎನ್ನುವುದು ಎಷ್ಟು ರಕ್ತಗತವಾಗಿತ್ತೆಂದರೆ, ಯೋಚನೆಯನ್ನೇ ಮಾಡದೆ ಸೋಮವಾರ ಬೆಳಿಗ್ಗೆ ಇಪ್ಪತ್ತೈದು ಜನರ ತಾಲೀಮನ್ನೂ ತೆಗೆದುಹಾಕುತ್ತಿದ್ದೆ. ಆದರೆ ಆಟ ನಡೆಯುವುದು ಅಮೆರಿಕದ ಗಡಿಯಾರದಲ್ಲಿ. ಇಲ್ಲಿಯ ಸೋಮವಾರ ಬೆಳಿಗ್ಗೆ ಅಲ್ಲಿ ಇನ್ನೂ ಭಾನುವಾರ. ಬಸವಣ್ಣನಿಗೂ ಸಲ್ಲಲಿಲ್ಲ, ಆಟಗಾರರಿಗೂ ದಕ್ಕಲಿಲ್ಲ. ಅದರ ಮೇಲೆ ಆತ ಇನ್ನೊಂದು ಮಾತು ಬರೆದಿದ್ದ: ಏಳು ದಿನ ಬಿಡದೆ ಸಾಗಿದರೆ ಮಾತ್ರ ತಾಲೀಮಿಗೆ ಪೂರ್ತಿ ಫಲ.

ಈಗ ಸೋಮವಾರ ಹೂಡುವುದೋ ಬೇಡವೋ? ನಗಬೇಡಿ, ನನಗೆ ನಿಜಕ್ಕೂ ಅಂಜಿಕೆಯಾಯಿತು. ಅಂಗಡಿಗೆ ಬಂದು ಅಪ್ಪಾಜಿಯನ್ನೇ ಕೇಳಿದೆ. ಅವರು ಹಿಂಡಿ ತೂಗುವುದನ್ನು ನಿಲ್ಲಿಸಲಿಲ್ಲ.

"ಅವ್ರ ಊರಾಗೆ ಬಸವಣ್ಣನ ಗುಡಿ ಐತೇನಲೇ?"

"ಇಲ್ಲ ಅಪ್ಪಾಜಿ."

"ಹಂಗಾರೆ ಹೂಡು."

ಹೂಡಿದೆ. ಎರಡು ತಿಂಗಳಲ್ಲಿ ತಂಡದ ಎಳೆಯರೆಲ್ಲ ಏರಿದರು. ಮೂರನೆಯ ಮೂಲೆಯವನು ಮಾತ್ರ ಐವತ್ತೆರಡು. ಆಗ ನಿಯಮದಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ಪ್ರತಿ ಆಟಗಾರನಿಗೂ ಹುಟ್ಟುತ್ತಲೇ ಒಂದು ಮಿತಿ ಇಟ್ಟಿರುತ್ತಾರೆ, ಅದು ಯಾರಿಗೂ ಕಾಣುವುದಿಲ್ಲ. ಹಾಗಾದರೆ ಇವನ ಮಿತಿಯೇ ಇಷ್ಟೋ, ಅಥವಾ ನಾನು ಹಾಳುಮಾಡಿದ ಸೋಮವಾರಗಳಿಂದ ಹೀಗಾದನೋ? ಬೆಳೆಯುವ ಸಿರಿ ಮೊಳಕೆಯಲ್ಲೇ ಎನ್ನುತ್ತಾರೆ. ಮೊಳಕೆಗೆ ನೀರು ಹಾಕದವನು ಆ ಗಾದೆ ಹೇಳಿದರೆ ಏನು ಮಾಡುವುದು? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಅಷ್ಟರಲ್ಲಿ ಹೊಸ ವರ್ಷದ ಆಟ ಶುರುವಾಗುವುದಿತ್ತು. ಹದಿನೆಂಟರ ಹುಡುಗನೊಬ್ಬ ಸಿಗುತ್ತಿದ್ದ, ಅವನು ಬರಬೇಕಾದರೆ ಒಬ್ಬನನ್ನು ಬಿಡಬೇಕಿತ್ತು.

ನಮ್ಮ ಸೀಮೆಯಲ್ಲಿ ಅಪ್ಪಾಜಿಯ ಕಣ್ಣಿಗೆ ಒಂದು ಬೆಲೆಯಿತ್ತು. ದೊಡ್ಡಉಳ್ಳಾರ್ತಿಯವರು, ಮೊಳಕಾಲ್ಮೂರು ಕಡೆಯಿಂದ ಅರ್ಧ ತೆಲುಗು ಮಾತಾಡುತ್ತ ಬರುವವರು, ಎತ್ತು ಕೊಳ್ಳುವ ಮೊದಲು ಅಂಗಡಿ ಮುಂದೆ ತಂದು ನಿಲ್ಲಿಸಿ "ನೋಡ್ರಿ ಯಜಮಾನ್ರೆ" ಎನ್ನುತ್ತಿದ್ದರು. ಅಪ್ಪಾಜಿ ಅದರ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳಿ, ಆಮೇಲೆ ಉಳಿದ ಮಾತು. ನಾನೂ ಮೂರನೆಯ ಮೂಲೆಯವನ ಆರು ತಿಂಗಳ ಅಂಕಗಳನ್ನು ಪ್ರಿಂಟ್ ಹಾಕಿಸಿಕೊಂಡು ತಂದು ಮುಂದಿಟ್ಟೆ. ಹಾಳೆಯಲ್ಲಿ ಅಂಕಗಳಷ್ಟೇ ಇದ್ದವು. ಅಪ್ಪಾಜಿ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಬೆರಳು ಓಡಿಸಿದರು.

"ಇವ್ನು ಇನ್ನು ಏಳಲ್ಲ. ಎಷ್ಟು ಹಿಂಡಿ ಹಾಕಿದ್ರೂ ದಂಡ. ಬಿಟ್ಬಿಡು."

ನನಗೆ ಎಲ್ಲಿತ್ತೋ ಸಿಟ್ಟು, ಹಾಳೆ ಕಿತ್ತುಕೊಂಡೆ. "ಅವ್ನಿಗೂ ನನ್ನಷ್ಟೇ ವಯಸ್ಸು, ಇಪ್ಪತ್ನಾಲ್ಕು" ಎಂದು ಅಂಗಡಿ ಇಳಿದು ಹೊರಟೇಬಿಟ್ಟೆ. ಅಲ್ಲಿಗೆ ನನಗೆ ಬೇಕಿದ್ದ ಅಂಕ ಸಿಕ್ಕಿತು ಅಂದುಕೊಂಡೆ. ಸೈಬರ್‌ನಲ್ಲಿ ಕೂತು, ಬಿಡುವ ಗುಂಡಿಯ ಮೇಲೆ ಬಾಣದ ಗುರುತು ಇಟ್ಟು, ಬಹಳ ಹೊತ್ತು ಅತ್ತೆ. ಪಕ್ಕದಲ್ಲಿ ರಿಸಲ್ಟ್ ನೋಡಲು ಬಂದಿದ್ದವರು ನಾನು ಫೇಲಾದೆನೆಂದು ಸಮಾಧಾನ ಹೇಳಿದರು. ಗುಂಡಿ ಒತ್ತಲಾಗಲಿಲ್ಲ. ಹದಿನೆಂಟರ ಹುಡುಗ ಬೇರೆ ತಂಡಕ್ಕೆ ಹೋದ.

ನಾಲ್ಕೈದು ದಿನ ನಾವಿಬ್ಬರೂ ಬೂಸಾದ ವಿಷಯ ಬಿಟ್ಟರೆ ಬೇರೆ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಮೂಟೆಯ ಬಾಯಿ ಹೊಲಿಯುತ್ತಿದ್ದ ಅಪ್ಪಾಜಿ ತಲೆಯೆತ್ತದೆ ಕೇಳಿದರು.

"ಅವನ್ನ ಬಿಟ್ಟೇನಲೇ?"

"ಇಲ್ಲ."

"ಒಳ್ಳೇದಾತು."

ನನಗೆ ತಲೆಬುಡ ತಿಳಿಯಲಿಲ್ಲ. "ಬಿಡು ಅಂದಿದ್ದು ನೀವೇ ಅಲ್ವಾ?"

ಅಪ್ಪಾಜಿ ದಬ್ಬಣ ಮೂಟೆಗೆ ಚುಚ್ಚಿ ಹಾಗೇ ಬಿಟ್ಟರು. ನನ್ನನ್ನು ನೋಡಲಿಲ್ಲ.

"ಎತ್ತು ನೋಡೋನು ಮೊದ್ಲು ಹಲ್ಲು ನೋಡ್ಬೇಕು. ನಾನು ಅವ್ನ ವಯಸ್ಸೇ ಕೇಳಿರ್ಲಿಲ್ಲ."